ಮೊದಲ ವರ್ಷದ ಬಯಾಲಜಿಗೆ ಸೀನಿಯರ್ ಮೆಂಟರ್: ಗುಂಪು ಮೂರನೇ ವಾರಕ್ಕೆ ಚದುರದಂತೆ ನಡೆಸುವ ಸಮಗ್ರ ಮಾರ್ಗದರ್ಶಿ

ಮೊದಲ ವಾರ ಆರು ಜನ ಬರುತ್ತಾರೆ. ಎರಡನೇ ವಾರ ನಾಲ್ಕು. ಮೂರನೇ ವಾರ ನೀವು ಖಾಲಿ ರೂಮಿನಲ್ಲಿ ಮಾರ್ಕರ್ ಹಿಡಿದು ಬಾಗಿಲು ನೋಡುತ್ತಾ ಕೂತಿರುತ್ತೀರಿ. ಟೆಸ್ಟ್ ಹಿಂದಿನ ರಾತ್ರಿ ಮಾತ್ರ ಅದೇ ಆರೂ ಜನ ಮೆಸೇಜ್ ಮಾಡುತ್ತಾರೆ: "ಅಕ್ಕಾ, ಮಿಯೋಸಿಸ್ ಒಂದ್ಸಲ ಹೇಳಿಕೊಡ್ತೀರಾ?"

ಮೆಂಟರ್ ಆಗಲು ಹೊರಟ ಎಷ್ಟೋ ಸೀನಿಯರ್‌ಗಳ ಕಥೆ ಇದೇ. ಜೂನಿಯರ್‌ಗಳಿಗೆ ಆಸಕ್ತಿಯೇ ಇಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಕಂಡ ಕಾರಣ ಬೇರೆ. ಮೆಂಟರ್ ಪಾಠ ಮಾಡುತ್ತಾರೆ, ಜೂನಿಯರ್ ತಲೆ ಆಡಿಸುತ್ತಾರೆ. ಪಾಠ ಕ್ಲಾಸಿನಲ್ಲಿ ಹೇಗೂ ಸಿಗುತ್ತದೆ. ಅದನ್ನೇ ಇನ್ನೊಮ್ಮೆ ಕೇಳಲು ಸಂಜೆ ಯಾರು ಬರುತ್ತಾರೆ?

ನನ್ನ ಮೊದಲ ಗುಂಪಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಕೋಶದ ಉಸಿರಾಟದ ಬಗ್ಗೆ 55 ನಿಮಿಷ ಮಾತಾಡಿದೆ. ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ 10 ಹೆಜ್ಜೆಗಳನ್ನೂ ಬೋರ್ಡ್ ತುಂಬಾ ಬರೆದೆ. "ಸೂಪರ್ ಆಗಿ ಅರ್ಥ ಆಯ್ತಣ್ಣ" ಅಂದರು. ಮುಂದಿನ ವಾರ ಒಂದೇ ಪ್ರಶ್ನೆ ಕೇಳಿದೆ: ನೀವು ಈಗ ಹೊರಗೆ ಬಿಟ್ಟ ಉಸಿರಿನಲ್ಲಿದೆಯಲ್ಲ ಕಾರ್ಬನ್ ಡೈಆಕ್ಸೈಡ್, ಅದು ತಯಾರಾಗಿದ್ದು ಎಲ್ಲಿ? ಮೂವರು "ಶ್ವಾಸಕೋಶ" ಎಂದರು. ಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಈ ಮಾರ್ಗದರ್ಶಿ ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳಿಗೆ. ಕಾರ್ಯಕ್ರಮ ನಡೆಸುವ ಲೆಕ್ಚರರ್‌ಗಳು ಮೊದಲ ಎರಡು ಹಂತ ಓದಿದರೂ ಸಾಕು. ಹಂತಗಳ ಕ್ರಮ ಮಾತ್ರ ಬದಲಿಸಬೇಡಿ. ಹಂತ 1 ಬಿಟ್ಟು ನೇರವಾಗಿ ಹಂತ 6ಕ್ಕೆ ಹಾರಿದವರೇ ಜಾಸ್ತಿ ಸೋಲುತ್ತಾರೆ.

## ಹಂತ 1: ಗೆರೆ ಎಳೆದುಕೊಳ್ಳಿ

ಗುಂಪು ಸೇರುವ ಮೊದಲೇ ಕೋರ್ಸಿನ ಲೆಕ್ಚರರ್ ಜೊತೆ ಅರ್ಧ ಗಂಟೆ ಕೂತು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಿ.

ಮೊದಲನೆಯದು, ಅಂಕ. ಜೂನಿಯರ್‌ಗಳ ಅಂಕಕ್ಕೂ ನಿಮಗೂ ಯಾವ ಸಂಬಂಧವೂ ಇರಬಾರದು. ಹಾಜರಾತಿ ಪಟ್ಟಿ ಲೆಕ್ಚರರ್‌ಗೆ ಹೋಗುವುದಾದರೆ ಅದನ್ನು ಮೊದಲ ದಿನವೇ ಗುಂಪಿಗೆ ಹೇಳಿ. ಯಾರಿಗೆ ಏನು ಗೊತ್ತಿಲ್ಲ ಎಂಬ ಸುದ್ದಿ ಮಾತ್ರ ಆ ರೂಮಿನಿಂದ ಹೊರಗೆ ಹೋಗಕೂಡದು. ಗೊತ್ತಿಲ್ಲ ಎನ್ನಲು ಹೆದರುವವರಿಗೆ ಮೆಂಟರ್ ಇದ್ದೂ ಉಪಯೋಗವಿಲ್ಲ.

ಎರಡನೆಯದು, ಅಸೈನ್‌ಮೆಂಟ್. ಅಂಕಕ್ಕೆ ಹೋಗುವ ಕೆಲಸದಲ್ಲಿ ಎಷ್ಟು ಸಹಾಯ ಮಾಡಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ನಿಯಮ ಸರಳ: ಜೂನಿಯರ್ ಬರೆದದ್ದರ ಬಗ್ಗೆ ಪ್ರಶ್ನೆ ಕೇಳಬಹುದು, ಒಂದು ವಾಕ್ಯವನ್ನೂ ಬರೆದುಕೊಡುವಂತಿಲ್ಲ. ನಿಮ್ಮ ಹಳೇ ಲ್ಯಾಬ್ ರೆಕಾರ್ಡ್ ಕೊಡಲೇಬೇಡಿ. "ಸುಮ್ನೆ ನೋಡೋಕೆ" ಎಂದು ತೆಗೆದುಕೊಂಡು ಹೋದದ್ದು ಹಾಗೇ ನಕಲಾಗಿ ಬರುತ್ತದೆ. ಆಗ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಮೂರನೆಯದು, ಸಮಯ. ವಾರಕ್ಕೊಂದು ಭೇಟಿ, 60 ನಿಮಿಷ, ಯಾವಾಗಲೂ ಅದೇ ದಿನ, ಅದೇ ಜಾಗ. ಮೆಸೇಜಿಗೆ ಉತ್ತರಿಸುವುದು ಎಷ್ಟು ಗಂಟೆಯವರೆಗೆ ಎಂದೂ ಈಗಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಸಿಟ್ಟಿನಲ್ಲಿ ಹೇಳಿದ ಹಾಗಿರುತ್ತದೆ.

## ಹಂತ 2: ಮೆಂಟರ್ ಯಾರು, ಗುಂಪಿನಲ್ಲಿ ಎಷ್ಟು ಜನ

ಅತಿ ಹೆಚ್ಚು ಅಂಕ ತೆಗೆದವರೇ ಒಳ್ಳೆಯ ಮೆಂಟರ್ ಆಗುತ್ತಾರೆ ಎಂದು ನಂಬಬೇಡಿ. ಒಮ್ಮೆ ಎಡವಿ, ಆಮೇಲೆ ದಾರಿ ಕಂಡುಕೊಂಡವರು ಎಷ್ಟೋ ಸಲ ವಾಸಿ. ಎಲ್ಲಿ ಕಲ್ಲಿದೆ ಎಂದು ಅವರಿಗೆ ನೆನಪಿರುತ್ತದೆ. ಮೆಂಟರ್ ಆಗಬೇಕು ಎನ್ನುವವರಿಗೆ ಒಂದು ಚಿಕ್ಕ ಪರೀಕ್ಷೆ ಕೊಡಿ. ತಪ್ಪು ಉತ್ತರ ಇರುವ ಒಂದು ಹಾಳೆ ತೋರಿಸಿ, "ಇದನ್ನು ಬರೆದವರಿಗೆ ನೀವು ಕೇಳುವ ಮೊದಲ ಪ್ರಶ್ನೆ ಏನು?" ಎಂದು ಕೇಳಿ. ತಕ್ಷಣ ಸರಿ ಉತ್ತರ ವಿವರಿಸಲು ಶುರು ಮಾಡಿದವರಿಗೆ ಇನ್ನೂ ತರಬೇತಿ ಬೇಕು.

ಗುಂಪಿಗೆ 4ರಿಂದ 6 ಜನ ಸಾಕು. ಮೂವರಿದ್ದಾಗ ಒಬ್ಬರು ಬರದಿದ್ದರೆ ಚರ್ಚೆಯೇ ಇಲ್ಲ. ಎಂಟು ಜನ ಇದ್ದರೆ ಹಿಂದೆ ಕೂತ ಇಬ್ಬರು ಬಾಯಿ ಬಿಡುವುದಿಲ್ಲ. ಜಾಣರು, ಹಿಂದುಳಿದವರು ಎಂದು ಬೇರೆ ಬೇರೆ ಗುಂಪು ಮಾಡಬೇಡಿ. ಅದು ಎಲ್ಲರಿಗೂ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

"ಯಾರಿಗೂ ಗೊತ್ತಿಲ್ಲದಿದ್ದರೆ ಮಾತಾಡಿ ಏನು ಪ್ರಯೋಜನ?" ಎಂದು ಕೆಲವರು ಕೇಳುತ್ತಾರೆ. ಪ್ರಯೋಜನ ಇದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಜೆನೆಟಿಕ್ಸ್ ಕ್ಲಾಸಿನಲ್ಲಿ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದು ಪ್ರಶ್ನೆಗೆ ಮೊದಲು ಒಬ್ಬೊಬ್ಬರೇ ಉತ್ತರಿಸಿದರು. ಪಕ್ಕದವರ ಜೊತೆ ಚರ್ಚಿಸಿ ಮತ್ತೆ ಉತ್ತರಿಸಿದರು. ಆಮೇಲೆ ಅದೇ ವಿಚಾರದ ಮೇಲೆ ಹೊಸ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರಿಸಿದರು. ಚರ್ಚೆಗೆ ಮೊದಲು ಗುಂಪಿನ ಒಬ್ಬರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದರೂ ತಿಳಿವಳಿಕೆ ಹೆಚ್ಚಿತ್ತು ಎಂಬುದೇ ಅಲ್ಲಿ ಕಂಡ ವಿಷಯ. ಹಾಗಾಗಿ ನೀವು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ನಷ್ಟವೇನಿಲ್ಲ.

## ಹಂತ 3: ಸಾಮಾನು ಜೋಡಿಸಿಕೊಳ್ಳಿ

ದುಬಾರಿಯದ್ದು ಏನೂ ಬೇಡ. ಗೆರೆ ಇಲ್ಲದ ಖಾಲಿ ಹಾಳೆ, ಬಣ್ಣದ ಪೆನ್ನು, ಒರೆಸಬಹುದಾದ ಒಂದು ಬೋರ್ಡ್, ಸಮಯ ನೋಡಲು ಫೋನ್. ಕೆಂಪು ಮತ್ತು ನೀಲಿ ಉಲ್ಲನ್ ದಾರ, ಪ್ರತಿ ಬಣ್ಣದಲ್ಲಿ ಉದ್ದದ್ದು ಎರಡು, ಗಿಡ್ಡದ್ದು ಎರಡು. ಒಟ್ಟು ಎಂಟು ತುಂಡು. ನಾಲ್ಕು ಪೇಪರ್ ಕ್ಲಿಪ್. ದಾರದ ಕೆಲಸ ಹಂತ 6ರಲ್ಲಿ ಬರುತ್ತದೆ.

ಒಂದು ನೋಟ್‌ಬುಕ್ಕೂ ಇಡಿ. ಪ್ರತಿ ಭೇಟಿಯ ನಂತರ ಅದರಲ್ಲಿ ಮೂರೇ ಸಾಲು: ಎಲ್ಲಿ ಎಡವಿದರು, ಯಾವ ಪ್ರಶ್ನೆ ಕೆಲಸ ಮಾಡಿತು, ಮುಂದಿನ ವಾರ ಏನು.

ಸ್ಲೈಡ್ ಮಾಡಬೇಡಿ. ಸ್ಲೈಡ್ ಇದ್ದರೆ ಅದನ್ನು ಮುಗಿಸಬೇಕು ಅನಿಸುತ್ತದೆ. ಮುಗಿಸಲು ಹೊರಟರೆ ಅದು ಪಾಠವೇ.

## ಹಂತ 4: ನಿಮ್ಮ ತಯಾರಿ

ವಾರಕ್ಕೆ ಒಂದು ಗಂಟೆ ತಯಾರಿ ಸಾಕು. ಆ ಗಂಟೆಯಲ್ಲಿ ಇಡೀ ಅಧ್ಯಾಯ ಓದಲು ಕೂರಬೇಡಿ. ಆ ವಾರದ ಪಾಠದಲ್ಲಿ ಜನ ಎಡವುವ ಜಾಗ ಒಂದೋ ಎರಡೋ ಇರುತ್ತದೆ. ಅದನ್ನು ಹುಡುಕಿ. ಅದರ ಮೇಲೆ ಮೂರು ಪ್ರಶ್ನೆ ಬರೆಯಿರಿ: ಒಂದು ಚಿತ್ರ ಬಿಡಿಸುವಂಥದ್ದು, ಒಂದು "ಹೀಗೆ ಮಾಡಿದರೆ ಏನಾಗುತ್ತದೆ?" ಎನ್ನುವಂಥದ್ದು, ಇನ್ನೊಂದು ಟೆಸ್ಟಿನಲ್ಲಿ ಬರುವಂಥದ್ದು.

ಆಮೇಲೆ ಪುಸ್ತಕ ಮುಚ್ಚಿ ಮೂರಕ್ಕೂ ನೀವೇ ಉತ್ತರ ಬರೆಯಿರಿ. ಈ ಕೆಲಸವನ್ನು ಬಹಳ ಜನ ಬಿಡುತ್ತಾರೆ. ಎರಡು ವರ್ಷದ ಹಿಂದೆ ಓದಿದ್ದು ಗೊತ್ತಿದೆ ಅನಿಸುತ್ತದೆ, ಪೆನ್ನು ಹಿಡಿದರೆ ನಿಂತುಹೋಗುತ್ತದೆ. ನೀವು ನಿಂತ ಜಾಗದಲ್ಲೇ ಅವರೂ ನಿಲ್ಲುತ್ತಾರೆ. ಆ ಜಾಗ ಸಿಕ್ಕಿತು ಅಂದರೆ ತಯಾರಿ ಮುಗಿದ ಹಾಗೆ.

## ಹಂತ 5: ಮೊದಲ ಭೇಟಿ

ಹೆಸರು, ಊರು, ಹವ್ಯಾಸ ಎಂದು ಅರ್ಧ ಗಂಟೆ ಕಳೆಯಬೇಡಿ. ಹೆಸರು ಹೇಳಿಸಿ, ನೇರ ಕೆಲಸಕ್ಕಿಳಿಯಿರಿ. ಮೊದಲ ದಿನ ಎಲ್ಲರೂ ಒಟ್ಟಿಗೆ ಒಂದು ಸಣ್ಣ ಸಮಸ್ಯೆ ಬಿಡಿಸಿದರೆ ಎರಡನೇ ವಾರ ಬರಲು ಕಾರಣ ಸಿಗುತ್ತದೆ.

ನಾನು ಬಳಸುವ ಪ್ರಶ್ನೆ ಇದು: "ಒಂದು ಬೀಜ ದೊಡ್ಡ ಮರವಾಯಿತು. ಆ ಮರದ ತೂಕ ಎಲ್ಲಿಂದ ಬಂತು?" ಎಲ್ಲರೂ ಒಂದು ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಮಣ್ಣು, ಗೊಬ್ಬರ, ನೀರು, ಬಿಸಿಲು ಎಲ್ಲವೂ ಬರುತ್ತದೆ. ಚೀಟಿಗಳನ್ನು ಜೋರಾಗಿ ಓದಿ, ಯಾವುದು ಸರಿ ಎಂದು ಹೇಳಬೇಡಿ. ಆಮೇಲೆ ಒಂದು ಸುಳಿವು ಕೊಡಿ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ತೂಕ ಮಾಡಿದ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ನೀರು ಹಾಕಿದ. ಗಿಡ 169 ಪೌಂಡ್ ದಾಟಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಅಷ್ಟಾದ ಮೇಲೂ ಅವನು ತಪ್ಪು ತೀರ್ಮಾನಕ್ಕೇ ಬಂದ: ಎಲ್ಲವೂ ನೀರಿನಿಂದ ಬಂತು ಎಂದ. ಅವನ ಲೆಕ್ಕದಲ್ಲಿ ಏನು ಬಿಟ್ಟುಹೋಯಿತು ಎಂದು ಗುಂಪು ಹುಡುಕಲಿ.

ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಎಂದು ಯಾರಾದರೂ ಹೇಳುವ ಹೊತ್ತಿಗೆ ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠ ಬರುವವರು ಕೂಡ ಸ್ವಲ್ಪ ಗಾಬರಿಯಾಗಿರುತ್ತಾರೆ. ಸಮೀಕರಣ ಗೊತ್ತಿತ್ತು, ಅದು ಮರದ ಬಗ್ಗೆ ಎಂದು ಹೊಳೆದಿರಲಿಲ್ಲ. ತಪ್ಪು ಮಾಡಲು ಇಲ್ಲಿ ಜಾಗ ಇದೆ ಎಂದು ನೀವು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ.

## ಹಂತ 6: ಪ್ರತಿ ವಾರದ 60 ನಿಮಿಷ

ಮೊದಲ 8 ನಿಮಿಷ: ಖಾಲಿ ಹಾಳೆ. ನೋಟ್ಸ್ ಮುಚ್ಚಿ, ಈ ವಾರದ ಪಾಠದಿಂದ ನೆನಪಿದ್ದಷ್ಟನ್ನು ಬರೆಯಬೇಕು ಅಥವಾ ಬಿಡಿಸಬೇಕು. ಮೊದಮೊದಲು ಗೊಣಗುತ್ತಾರೆ, ಬಿಡಬೇಡಿ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡವರು ಮುಂದೆ ಹೋಗಿದ್ದರು. ಟೆಸ್ಟ್ ಓದಿದ 5 ನಿಮಿಷಕ್ಕೇ ಇರುವುದಿಲ್ಲ, ಅಲ್ವಾ?

ಮುಂದಿನ 7 ನಿಮಿಷ: ಜೋಡಿಯಲ್ಲಿ ಹೋಲಿಕೆ. ಇಬ್ಬಿಬ್ಬರು ಹಾಳೆ ಬದಲಿಸಿಕೊಂಡು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕಲಿ. ನೀವು ಸುತ್ತ ನಡೆಯಿರಿ, ನೋಡಿ, ಏನೂ ಹೇಳಬೇಡಿ.

ನಡುವಿನ 30 ನಿಮಿಷ: ಒಂದೇ ಸಮಸ್ಯೆ. ಎರಡಲ್ಲ, ಒಂದೇ.

ಆಮೇಲೆ 10 ನಿಮಿಷ: ಟೆಸ್ಟ್ ಮಾದರಿಯ ಪ್ರಶ್ನೆ, ಒಬ್ಬೊಬ್ಬರೇ, ಬರವಣಿಗೆಯಲ್ಲಿ. ಕೊನೆಯ 5 ನಿಮಿಷ: ಚೀಟಿ. "ಇನ್ನೂ ಗೊಂದಲ ಇರುವ ಒಂದು ವಿಷಯ" ಬರೆದು ಕೊಟ್ಟು ಹೋಗಲಿ. ಮುಂದಿನ ವಾರದ ತಯಾರಿ ಆ ಚೀಟಿಗಳಿಂದಲೇ.

ನಡುವಿನ 30 ನಿಮಿಷ ಹೇಗಿರಬೇಕು ಎನ್ನುವುದಕ್ಕೆ ಮಿಯೋಸಿಸ್ (ಅಂಡಾಣು, ವೀರ್ಯಾಣುಗಳಂಥ ಕೋಶ ತಯಾರಾಗುವ ವಿಭಜನೆ) ತೆಗೆದುಕೊಳ್ಳೋಣ. ಮೊದಲ ವರ್ಷದಲ್ಲಿ ಇದರಷ್ಟು ಬಾಯಿಪಾಠ ಆಗುವ ಮತ್ತು ಇದರಷ್ಟು ಕಡಿಮೆ ಅರ್ಥವಾಗುವ ವಿಷಯ ನಾನು ಕಂಡಿಲ್ಲ.

ದಾರದ ತುಂಡುಗಳನ್ನು ಟೇಬಲ್ ಮೇಲೆ ಇಡಿ. ಕೆಂಪು ತಾಯಿಯಿಂದ, ನೀಲಿ ತಂದೆಯಿಂದ. ಕೆಂಪು ಉದ್ದ, ನೀಲಿ ಉದ್ದ, ಕೆಂಪು ಗಿಡ್ಡ, ನೀಲಿ ಗಿಡ್ಡ: ಈ ನಾಲ್ಕು ವರ್ಣತಂತು ಇರುವ ಒಂದು ಕೋಶ. ಉಳಿದ ನಾಲ್ಕು ತುಂಡು ಪಕ್ಕದಲ್ಲಿರಲಿ. "ಇದು ವಿಭಜನೆ ಆಗಬೇಕು. ಮೊದಲು ಏನು?" ಎಂದು ಕೇಳಿ ಕೈ ಹಿಂದೆ ಕಟ್ಟಿಕೊಳ್ಳಿ. ದಾರ ಮುಟ್ಟುವುದು ಅವರ ಕೆಲಸ.

ಡಿಎನ್‌ಎ ನಕಲಾಗಬೇಕು ಎಂದು ಯಾರೋ ಹೇಳುತ್ತಾರೆ. ಪ್ರತಿ ದಾರದ ಪಕ್ಕಕ್ಕೆ ಅದೇ ಬಣ್ಣ, ಅದೇ ಉದ್ದದ ಇನ್ನೊಂದು ತುಂಡು ಇಟ್ಟು ಎರಡನ್ನೂ ಒಂದು ಕ್ಲಿಪ್ಪಿನಲ್ಲಿ ಸೇರಿಸುತ್ತಾರೆ. ಕೆಲವರು ಕೆಂಪಿನ ಜೊತೆ ನೀಲಿ ಸೇರಿಸುತ್ತಾರೆ. ಆಗ ತಡೆಯಬೇಡಿ. "ನೀಲಿಯ ನಕಲು ತೆಗೆದರೆ ಕೆಂಪು ಬರುತ್ತಾ?" ಎಂದಷ್ಟೇ ಕೇಳಿ. ಸಿಸ್ಟರ್ ಕ್ರೊಮ್ಯಾಟಿಡ್ (ಒಂದೇ ವರ್ಣತಂತುವಿನ ಎರಡು ನಕಲು) ಮತ್ತು ಹೋಮೋಲೋಗಸ್ ಜೋಡಿಯ (ತಾಯಿಯಿಂದ ಒಂದು, ತಂದೆಯಿಂದ ಒಂದು) ನಡುವಿನ ಗೊಂದಲ ಪೂರ್ತಿ ಆ ಒಂದು ಕ್ಲಿಪ್ಪಿನಲ್ಲಿದೆ.

ಈಗ ಕೇಳಿ: "ವರ್ಣತಂತು ಎಷ್ಟು?" ಎಂಟು ಎನ್ನುವವರು ಇದ್ದೇ ಇರುತ್ತಾರೆ. ನಾಲ್ಕು ಎನ್ನುವವರ ಜೊತೆ ವಾದ ಮಾಡಲಿ, ಐದು ನಿಮಿಷ ಹೋದರೂ ಪರವಾಗಿಲ್ಲ. ಕ್ಲಿಪ್ ಎರಡು ನಕಲನ್ನು ಹಿಡಿದಿಡುವ ಸೆಂಟ್ರೊಮಿಯರ್ ಇದ್ದ ಹಾಗೆ, ಅದನ್ನು ಎಣಿಸಬೇಕು ಎಂಬುದು ಅವರಲ್ಲೇ ಯಾರಿಗಾದರೂ ಹೊಳೆಯುವವರೆಗೆ ಕಾಯಿರಿ. ವರ್ಣತಂತು ನಾಲ್ಕು, ಕ್ರೊಮ್ಯಾಟಿಡ್ ಎಂಟು.

ಮೊದಲ ವಿಭಜನೆಯಲ್ಲಿ ಕೆಂಪು-ನೀಲಿ ಜೋಡಿ ಬೇರೆಯಾಗುತ್ತದೆ, ಕ್ಲಿಪ್ ಬಿಚ್ಚುವುದಿಲ್ಲ. ಎರಡು ಕೋಶ, ಒಂದೊಂದರಲ್ಲಿ ಎರಡು ಕ್ಲಿಪ್. ಎರಡನೇ ವಿಭಜನೆಯಲ್ಲಿ ಕ್ಲಿಪ್ ಬಿಚ್ಚುತ್ತದೆ, ಬಿಚ್ಚಿದ ಪ್ರತಿ ದಾರವೂ ಈಗ ಸ್ವತಂತ್ರ ವರ್ಣತಂತು. ನಾಲ್ಕು ಕೋಶ, ಒಂದೊಂದರಲ್ಲಿ ಎರಡು ದಾರ. "ಸಂಖ್ಯೆ ಅರ್ಧ ಆಗಿದ್ದು ಯಾವ ವಿಭಜನೆಯಲ್ಲಿ?" ಎಂದು ಕೇಳಿ. ಎರಡನೆಯದರಲ್ಲಿ ಎಂದವರು ತಾವೇ ಇಟ್ಟ ಕ್ಲಿಪ್ ಮತ್ತೆ ಎಣಿಸಲಿ.

ಸಮಯ ಉಳಿದರೆ ಉದ್ದದ ಕೆಂಪು ಆಚೆ ಕಡೆ, ಗಿಡ್ಡದ ಕೆಂಪು ಈಚೆ ಕಡೆ ನಿಂತರೆ ಏನಾಗುತ್ತದೆ ನೋಡಿ. ಎರಡು ಜೋಡಿಗೆ 4 ಬಗೆಯ ಗ್ಯಾಮೀಟ್ (ಅಂಡಾಣು ಅಥವಾ ವೀರ್ಯಾಣು). ಮನುಷ್ಯನ 23 ಜೋಡಿಗೆ ಎಷ್ಟು ಎಂದು ಫೋನಿನಲ್ಲಿ ಲೆಕ್ಕ ಹಾಕಲಿ: 83,88,608. ಜೋಡಿ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳುವ ಕ್ರಾಸಿಂಗ್ ಓವರ್ ಇನ್ನೂ ಸೇರಿಸಿಲ್ಲ. ಅದಕ್ಕೆ ಕತ್ತರಿ ಬೇಕು, ಮುಂದಿನ ವಾರ ಮಾಡಿ.

ಗಮನಿಸಿ, ಇಷ್ಟರಲ್ಲಿ ಪ್ರೊಫೇಸ್, ಮೆಟಾಫೇಸ್ ಎಂಬ ವಿಭಜನೆಯ ಘಟ್ಟಗಳ ಹೆಸರು ಒಂದೂ ಬಂದಿಲ್ಲ. ಹೆಸರು ಕೊನೆಗೆ ಹಾಕಿಸಿ. ಕೈಯಲ್ಲಿ ಮಾಡಿದ ಹೆಜ್ಜೆಗೆ ಹೆಸರು ಅಂಟಿಕೊಳ್ಳುತ್ತದೆ. ಮೊದಲೇ ಹೆಸರು ಕೊಟ್ಟರೆ ಹೆಸರಷ್ಟೇ ಉಳಿಯುತ್ತದೆ.

## ಹಂತ 7: ಪ್ರಶ್ನೆ ಬಂದಾಗ, ಉತ್ತರ ತಪ್ಪಾದಾಗ, ಯಾರೂ ಮಾತಾಡದಾಗ

"ಅರ್ಥ ಆಯ್ತಾ?" ಎಂಬ ಮಾತನ್ನು ಇವತ್ತಿನಿಂದಲೇ ಬಿಡಿ. ಅದಕ್ಕೆ ಇರುವುದು ಒಂದೇ ಉತ್ತರ, "ಹೂಂ." ಬದಲಿಗೆ "ಇದನ್ನು ಪಕ್ಕದವರಿಗೆ ಹೇಳಿ, ನಾನು ಕೇಳಿಸಿಕೊಳ್ಳುತ್ತೇನೆ" ಎನ್ನಿ.

ಪ್ರಶ್ನೆ ನಿಮ್ಮತ್ತ ಬಂದರೆ ಗುಂಪಿನತ್ತ ತಿರುಗಿಸಿ. ಆದರೆ ಇದನ್ನು ಆಟ ಮಾಡಬೇಡಿ. ಎಲ್ಲ ಪ್ರಶ್ನೆಗೂ "ನಿಮಗೇನನ್ನಿಸುತ್ತೆ?" ಎಂದರೆ ಸಿಟ್ಟು ಬರುತ್ತದೆ, ಬರಲೇಬೇಕು. ಬರೀ ಮಾಹಿತಿಯ ಪ್ರಶ್ನೆಗೆ ನೇರ ಉತ್ತರ ಕೊಡಿ. ಕೋಡಾನ್ (ಡಿಎನ್‌ಎಯ ಮೂರಕ್ಷರದ ಸಂಕೇತ) ಎಷ್ಟು ಎಂದರೆ 64, ಅದರಲ್ಲಿ 3 ನಿಲ್ಲಿಸುವ ಸಂಕೇತ, ಮುಗಿಯಿತು. ಅಮೈನೋ ಆ್ಯಸಿಡ್ 20 ಇದ್ದರೂ ಕೋಡಾನ್ ಯಾಕೆ ಅಷ್ಟೊಂದು ಎಂದು ಕೇಳಿದರೆ, ಅದು ತಿರುಗಿಸುವ ಪ್ರಶ್ನೆ.

ಉತ್ತರ ತಪ್ಪಾದರೆ ಮುಖದಲ್ಲಿ ತೋರಿಸಬೇಡಿ. "ಅದು ಸರಿ ಎಂದು ಇಟ್ಟುಕೊಂಡರೆ ಮುಂದೆ ಏನಾಗಬೇಕು?" ಎಂದು ಕೇಳಿ. ತಪ್ಪು ತಾನಾಗಿಯೇ ಗೋಡೆಗೆ ಹೋಗಿ ಬಡಿಯುತ್ತದೆ. ಸರಿ ಉತ್ತರಕ್ಕೂ "ಹೇಗೆ ಗೊತ್ತಾಯಿತು?" ಎಂದು ಕೇಳಿ. ತಪ್ಪಾದಾಗ ಮಾತ್ರ ಹಾಗೆ ಕೇಳಿದರೆ, ಕೇಳಿದ ಕೂಡಲೇ ಉತ್ತರ ಬದಲಿಸುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳಕ್ಕೆ ಬರುವಷ್ಟರಲ್ಲಿ ಬೆವರುತ್ತೀರಿ. ಅಷ್ಟರಲ್ಲಿ ಯಾರೋ ಒಬ್ಬರು ಮಾತಾಡುತ್ತಾರೆ.

ನಿಮಗೇ ಗೊತ್ತಿಲ್ಲದ್ದು ಬಂದರೆ "ಗೊತ್ತಿಲ್ಲ, ಹುಡುಕೋಣ" ಎನ್ನಿ. ಪಠ್ಯಪುಸ್ತಕದ ಕೊನೆಯ ಪದಸೂಚಿ ತೆರೆದು ಎಲ್ಲರೂ ಹುಡುಕಿ. ಮೆಂಟರ್ ಅಂದಾಜಿನಲ್ಲಿ ಹೇಳಿದ ಒಂದು ತಪ್ಪು ಆರು ಉತ್ತರ ಪತ್ರಿಕೆಯಲ್ಲಿ ಒಂದೇ ರೀತಿ ಕಾಣಿಸಿಕೊಳ್ಳುತ್ತದೆ.

## ಹಂತ 8: ಪದವೇ ದಾರಿ ತಪ್ಪಿಸುವ ಜಾಗಗಳು

ಕನ್ನಡದಲ್ಲಿ ಯೋಚಿಸುವವರಿಗೆ ಕೆಲವು ಪದಗಳೇ ಬಲೆ. ಇದನ್ನು ಪುಸ್ತಕಗಳು ಹೇಳುವುದು ಕಡಿಮೆ.

ಉಸಿರಾಟ. ಮೂಗಿನ ಕೆಲಸಕ್ಕೂ ಕೋಶದ ಕೆಲಸಕ್ಕೂ ನಮ್ಮಲ್ಲಿ ಒಂದೇ ಪದ. ನನ್ನ ಗುಂಪು ಶ್ವಾಸಕೋಶ ಎಂದದ್ದು ಇದಕ್ಕೇ. ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂಬ ತಪ್ಪೂ ಇಲ್ಲಿಂದಲೇ. ಗಿಡದ ಕೋಶ ಹಗಲೂ ರಾತ್ರಿಯೂ ಉಸಿರಾಡುತ್ತದೆ. "ಬಿಸಿಲೇ ಕಾಣದ ಬೇರಿನ ಕೋಶಕ್ಕೆ ಎಟಿಪಿ ಎಲ್ಲಿಂದ?" ಎಂದು ಕೇಳಿ. ಎಟಿಪಿ ಅಂದರೆ ಕೋಶ ಕೆಲಸಕ್ಕೆ ಬಳಸುವ ಶಕ್ತಿಯ ಅಣು.

ಪ್ರಬಲ. ಡಾಮಿನೆಂಟ್ ಅಲೀಲ್ (ಅಲೀಲ್ ಎಂದರೆ ಜೀನ್‌ನ ಒಂದು ರೂಪ) ಅಂದರೆ ಬಲಶಾಲಿ, ಹಾಗಾಗಿ ಹೆಚ್ಚು ಜನರಲ್ಲಿ ಇರುತ್ತದೆ ಎಂದು ಭಾವಿಸುತ್ತಾರೆ. ರಕ್ತದ ಓ ಗುಂಪು ರಿಸೆಸಿವ್ (ಪ್ರಬಲ ಅಲ್ಲದ್ದು), ಆದರೂ ಜಗತ್ತಿನಲ್ಲಿ ಅದೇ ಹೆಚ್ಚು. ಹಂಟಿಂಗ್ಟನ್ ಎಂಬ ಮೆದುಳಿನ ಆನುವಂಶಿಕ ಕಾಯಿಲೆಯ ಅಲೀಲ್ ಡಾಮಿನೆಂಟ್, ಆದರೆ ಅಪರೂಪ. ಈ ಎರಡನ್ನು ಪಕ್ಕಪಕ್ಕ ಇಟ್ಟು ಸುಮ್ಮನಿರಿ.

ಒಗ್ಗಿಕೊಳ್ಳು, ಹೊಂದಿಕೊಳ್ಳು. "ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್‌ಗೆ ಒಗ್ಗಿಕೊಂಡವು" ಎಂದರೆ ಅವೇ ಮನಸ್ಸು ಮಾಡಿ ಬದಲಾದ ಹಾಗೆ ಕೇಳಿಸುತ್ತದೆ. "ಔಷಧಿ ಹಾಕುವ ಮೊದಲೇ ಅಲ್ಲಿ ಯಾರು ಇದ್ದರು? ಹಾಕಿದ ಮೇಲೆ ಯಾರು ಉಳಿದರು?" ಎಂದು ಕೇಳಿ. ವಾಕ್ಯವನ್ನು ಮತ್ತೆ ಬರೆಸಿ. ಆ ವಾಕ್ಯದಲ್ಲಿ ಒಗ್ಗಿಕೊಳ್ಳು ಎಂಬ ಪದ ಇರಕೂಡದು ಎಂಬುದೊಂದೇ ಷರತ್ತು.

ಪದಕ್ಕೆ ಸಂಬಂಧವಿಲ್ಲದ ಎಡವುಗಳೂ ಇವೆ. ಪೊರೆಯ ಮೂಲಕ ನೀರು ಹರಿಯುವ ಆಸ್ಮಾಸಿಸ್‌ನಲ್ಲಿ ನೀರು ಒಂದೇ ದಿಕ್ಕಿಗೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಎರಡೂ ಕಡೆ ಹೋಗುತ್ತದೆ, ಒಂದು ಕಡೆಗೆ ಜಾಸ್ತಿ ಅಷ್ಟೇ. ಶುದ್ಧ ನೀರಿನಲ್ಲಿ ಕೆಂಪು ರಕ್ತಕಣ ಒಡೆಯುತ್ತದೆ, ಈರುಳ್ಳಿ ಕೋಶ ಯಾಕೆ ಒಡೆಯುವುದಿಲ್ಲ ಎಂದು ಚಿತ್ರ ಬಿಡಿಸಿ ಹೇಳಲಿ. ಯಕೃತ್ತಿನ ಕೋಶದಲ್ಲಿ ಯಕೃತ್ತಿನ ಜೀನ್ ಮಾತ್ರ ಇರುತ್ತದೆ ಎಂಬುದು ಇನ್ನೊಂದು. ಜೀನ್‌ಗಳು ನರಕೋಶದಲ್ಲೂ ಅವೇ, ಯಾವುದು ಕೆಲಸ ಮಾಡುತ್ತಿದೆ ಎಂಬುದು ಬೇರೆ. ಎಟಿಪಿಯ ಬಂಧ ಒಡೆದರೆ ಅದರೊಳಗಿನ ಶಕ್ತಿ ಹೊರಗೆ ಚಿಮ್ಮುತ್ತದೆ ಎನ್ನುವವರನ್ನು ಕೆಮಿಸ್ಟ್ರಿ ನೋಟ್ಸ್ ತೆರೆಯಲು ಹೇಳಿ. ಬಂಧ ಒಡೆಯಲು ಯಾವಾಗಲೂ ಶಕ್ತಿ ಬೇಕು, ಹೊಸ ಬಂಧಗಳು ಕೂಡಿದಾಗ ಅದಕ್ಕಿಂತ ಹೆಚ್ಚು ಸಿಗುತ್ತದೆ.

## ಹಂತ 9: ಲ್ಯಾಬ್

ಲ್ಯಾಬಿನಲ್ಲಿ ಮೆಂಟರ್ ಮಾಡುವ ದೊಡ್ಡ ತಪ್ಪು, ಸೂಕ್ಷ್ಮದರ್ಶಕ ತಾವೇ ಫೋಕಸ್ ಮಾಡಿಕೊಡುವುದು. ಬೇಡ. ಕಡಿಮೆ ಲೆನ್ಸಿನಿಂದ ಶುರು ಮಾಡಲಿ, 40ರ ಲೆನ್ಸಿಗೆ ಬಂದ ಮೇಲೆ ದೊಡ್ಡ ತಿರುಪು ಮುಟ್ಟದಿರಲಿ. ಮುಟ್ಟಿದರೆ ಸ್ಲೈಡ್ ಒಡೆಯುತ್ತದೆ. ನೋಡುವ ಕಡೆಯ ಲೆನ್ಸ್ 10, ಕೆಳಗಿನದು 40 ಇದ್ದರೆ ಕಾಣುವುದು 400 ಪಟ್ಟು. 50 ಎಂದು ಕೂಡಿಸಿ ಬರೆದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಚಿತ್ರದ ಹಾಳೆ ನೋಡಿ. ಕಂಡದ್ದನ್ನು ಬಿಡಿಸುವ ಬದಲು ಪುಸ್ತಕದ ಚಿತ್ರ ಬಿಡಿಸಿರುತ್ತಾರೆ. "ಈ ಮೈಟೊಕಾಂಡ್ರಿಯಾದ ಒಳಮಡಿಕೆ ನಿಮಗೆ ಇದರಲ್ಲಿ ಕಂಡಿತಾ?" ಎಂದು ನಗುತ್ತಲೇ ಕೇಳಿ. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದಿಲ್ಲ.

## ಹಂತ 10: ಟೆಸ್ಟಿನ ಮೊದಲು, ಟೆಸ್ಟಿನ ನಂತರ

ಮೊದಲಿನ ವಾರ "ರಿವಿಜನ್ ಕ್ಲಾಸ್" ಎಂದು ಎಲ್ಲ ಅಧ್ಯಾಯ ಓಡಿಸಬೇಡಿ. ಪ್ರತಿಯೊಬ್ಬರೂ ಒಂದು ಟೆಸ್ಟ್ ಪ್ರಶ್ನೆ ಮತ್ತು ಅದರ ಉತ್ತರ ಬರೆದು ತರಲಿ. ಇನ್ನೊಬ್ಬರು ಅದನ್ನು ಬಿಡಿಸಲಿ. ಪ್ರಶ್ನೆ ಬರೆಯಲು ಹೊರಟಾಗಲೇ ತನಗೆ ಎಷ್ಟು ಗೊತ್ತು ಎಂದು ಗೊತ್ತಾಗುತ್ತದೆ.

ನಂತರದ ವಾರವೇ ನಿಜವಾದ ಕೆಲಸ. ಎಷ್ಟೋ ಮೆಂಟರ್‌ಗಳು ಆ ವಾರ ರಜೆ ಕೊಡುತ್ತಾರೆ! ಉತ್ತರ ಪತ್ರಿಕೆ ತರಿಸಿ. ಅಂಕ ಹೋದ ಪ್ರತಿ ಜಾಗದ ಪಕ್ಕ ಅವರೇ ಕಾರಣ ಬರೆಯಲಿ: ನೆನಪಾಗಲಿಲ್ಲ, ವಿಷಯವೇ ತಪ್ಪು ತಿಳಿದಿದ್ದೆ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಸಮಯ ಸಾಲಲಿಲ್ಲ. ನೆನಪಾಗದವರಿಗೆ ಖಾಲಿ ಹಾಳೆ ಜಾಸ್ತಿ ಬೇಕು. ತಪ್ಪು ತಿಳಿದವರಿಗೆ ಹಂತ 8. ಪ್ರಶ್ನೆ ಸರಿಯಾಗಿ ಓದದವರು "ವಿವರಿಸಿ", "ಹೋಲಿಸಿ", "ಊಹಿಸಿ" ಎಂಬ ಪದಗಳ ಕೆಳಗೆ ಗೆರೆ ಹಾಕಿ ಓದುವ ಅಭ್ಯಾಸ ಮಾಡಲಿ. "ಓದಿದ್ದು ಸಾಲಲಿಲ್ಲ" ಎಂಬ ಕಾರಣವನ್ನು ಮಾತ್ರ ಒಪ್ಪಬೇಡಿ. ಅದರಿಂದ ಮುಂದೇನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

## ಹಂತ 11: ಎಚ್ಚರಿಕೆಯ ಸೂಚನೆಗಳು

ನಿಮ್ಮ ಧ್ವನಿಯೇ ಜಾಸ್ತಿ. ಎಲ್ಲರ ಒಪ್ಪಿಗೆ ಪಡೆದು ಒಂದು ಭೇಟಿ ರೆಕಾರ್ಡ್ ಮಾಡಿ ಕೇಳಿ. ಅರ್ಧಕ್ಕಿಂತ ಹೆಚ್ಚು ನೀವೇ ಮಾತಾಡಿದ್ದರೆ ಮುಂದಿನ ವಾರ ಮಾರ್ಕರ್ ಜೂನಿಯರ್ ಕೈಗೆ ಕೊಡಿ. ಕೇಳಿದ ಮೇಲೆ ರೆಕಾರ್ಡಿಂಗ್ ಅಳಿಸಿ.

ಒಬ್ಬರೇ ಎಲ್ಲಕ್ಕೂ ಉತ್ತರಿಸುತ್ತಿದ್ದಾರೆ. ಅವರನ್ನು ಸುಮ್ಮನಿರಿಸಬೇಡಿ, ಕೆಲಸ ಬದಲಿಸಿ. ಅವರು ಇನ್ನೊಬ್ಬರು ಹೇಳಿದ್ದನ್ನು ಬೋರ್ಡ್ ಮೇಲೆ ಬರೆಯುವವರಾಗಲಿ.

ನೋಟ್ಸ್ ಕೇಳಲು ಮಾತ್ರ ಬರುತ್ತಿದ್ದಾರೆ, ಅಥವಾ ಅಸೈನ್‌ಮೆಂಟ್ ಕೊಡುವ ಹಿಂದಿನ ದಿನ ಮಾತ್ರ ಬರುತ್ತಿದ್ದಾರೆ. ಹಂತ 1ರ ಗೆರೆ ಮತ್ತೊಮ್ಮೆ ಹೇಳಿ, ಗಟ್ಟಿಯಾಗಿ.

ಎರಡು ವಾರ ಸತತವಾಗಿ ಒಬ್ಬರು ಬಂದಿಲ್ಲ. ಗುಂಪಿನಲ್ಲಿ ಕೇಳಬೇಡಿ. ಅವರೊಬ್ಬರಿಗೇ ಚಿಕ್ಕ ಮೆಸೇಜ್ ಕಳಿಸಿ: "ಈ ವಾರ ಬರ್ತೀರಾ? ಜಾಗ ಇಟ್ಟಿರ್ತೀನಿ." ಯಾಕೆ ಬರಲಿಲ್ಲ ಎಂಬ ವಿಚಾರಣೆ ಬೇಡ.

ಮಾತು ಬಯಾಲಜಿ ದಾಟಿ ಹೋಗುತ್ತಿದೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಿದ್ದರೆ ಕೇಳಿಸಿಕೊಳ್ಳಿ. ಆದರೆ ನೀವು ಆಪ್ತಸಲಹೆಗಾರರಲ್ಲ. ಯಾರ ಬಳಿ ಕಳಿಸಬೇಕು ಎಂದು ಸೆಮಿಸ್ಟರ್ ಶುರುವಿನಲ್ಲೇ ತಿಳಿದುಕೊಂಡಿರಿ, ಸಾಧ್ಯವಾದರೆ ಜೊತೆಗೆ ಹೋಗಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ತಕ್ಷಣ ಜವಾಬ್ದಾರಿ ಇರುವ ಹಿರಿಯರಿಗೆ ತಿಳಿಸಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಲೇಬೇಡಿ.

ನಿಮ್ಮ ಓದು ಹಿಂದೆ ಬೀಳುತ್ತಿದೆಯಾ ಎಂಬುದನ್ನೂ ನೋಡಿಕೊಳ್ಳಿ. ವಾರಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೋಗುತ್ತಿದ್ದರೆ ಎಲ್ಲೋ ನೀವೇ ಪಾಠ ಮಾಡುತ್ತಿದ್ದೀರಿ.

## ಹಂತ 12: ಕೈ ಬದಲಿಸುವುದು

ಸೆಮಿಸ್ಟರ್ ಮುಗಿಯುವ ಎರಡು ವಾರ ಮೊದಲು ಒಂದು ಭೇಟಿಯನ್ನು ಜೂನಿಯರ್ ಒಬ್ಬರು ನಡೆಸಲಿ. ನೀವು ಮೂಲೆಯಲ್ಲಿ ಕೂತಿರಿ. ಯಾರು ಉತ್ತರ ಹೇಳಿಬಿಡುವ ಆಸೆ ತಡೆದುಕೊಂಡು ಪ್ರಶ್ನೆ ಕೇಳುತ್ತಾರೋ, ಮುಂದಿನ ವರ್ಷದ ಮೆಂಟರ್ ಅವರೇ.

ನೋಟ್‌ಬುಕ್ ಅವರಿಗೆ ಕೊಡಿ. ವಾರಕ್ಕೆ ಮೂರು ಸಾಲಿನಂತೆ ಬರೆದದ್ದರಲ್ಲಿ ನಿಮ್ಮ ಕೋರ್ಸಿನ ಎಲ್ಲ ಎಡವುಗಳೂ ಇರುತ್ತವೆ. ಜೂನಿಯರ್‌ಗಳ ಹೆಸರು ಎಲ್ಲಾದರೂ ಬರೆದಿದ್ದರೆ ಮೊದಲು ಹೊಡೆದುಹಾಕಿ. ದಾರದ ಡಬ್ಬಿಯನ್ನೂ ಕೊಡಿ, ಆದರೆ ಎಣಿಸಿ ಕೊಡಿ: ಎಂಟು ತುಂಡು, ನಾಲ್ಕು ಕ್ಲಿಪ್. ಉದ್ದದ ಕೆಂಪು ಒಂದು ಯಾವಾಗಲೂ ಕಡಿಮೆ ಇರುತ್ತದೆ.